ಬಸ್ಸಿನಲ್ಲಿ ಗೌಡರು, ಜೀಪಿನಲ್ಲಿ ನಾನು

ನಮ್ಮ ಸೀಮೆಯ ಸರಕಾರ ಮುಂಬೈ ಬಿಟ್ಟು ಬೆಂಗಳೂರಿಗೆ ಹೋದಾಗ ನಾನಿನ್ನೂ ಸಾಲಿಯಲ್ಲಿದ್ದೆ. ದೊಡ್ಡ ಬದಲಾವಣೆ ಎಂದು ಮಾಸ್ತರರು ಹೇಳಿದರು. ಆದರೆ ಬಬಲೇಶ್ವರದ ಆಚೆಯ ನಮ್ಮ ಹಳ್ಳಿಗೆ ಸರಕಾರವೆಂದರೆ ಗೌಡರ ವಾಡೆ. ಅದು ಇದ್ದಲ್ಲೇ ಇತ್ತು. ಮಂತ್ರಿಮಂಡಲ ಬದಲಾದಾಗಲೆಲ್ಲ ವಾಡೆಯ ಪಡಸಾಲೆಯಲ್ಲಿ ಗೋಡೆಯ ಫೋಟೋ ಬದಲಾಗುತ್ತಿತ್ತು. ಫೋಟೋದ ಕೆಳಗೆ ಕುಳಿತವರು ಬದಲಾಗುತ್ತಿರಲಿಲ್ಲ. ಗೌಡರ ಅಪ್ಪ ಇಂಗ್ಲಿಷರ ಕಾಲದಲ್ಲಿ ಜರತಾರಿ ರುಮಾಲು ಸುತ್ತಿ ಕುಳಿತ ಕುರ್ಚಿಯಲ್ಲಿ ಮಗ ಬಿಳಿ ಟೋಪಿ ಹಾಕಿಕೊಂಡು ಕುಳಿತರು, ಅಷ್ಟೇ.

ಅರವತ್ತರ ದಶಕದ ನಡುವೆ ಗೌಡರಿಗೆ ಇದ್ದಕ್ಕಿದ್ದಂತೆ ಬಡವರ ಮೇಲೆ ಪ್ರೀತಿ ಬಂತು. ಎಲೆಕ್ಷನ್ನೂ ಹತ್ತಿರ ಬಂದಿತ್ತು. ಜೀಪು ಬಿಟ್ಟು ಜನರ ಜೊತೆ ಬಸ್ಸಿನಲ್ಲಿ ಓಡಾಡತೊಡಗಿದರು. ಎಂಥ ಸರಳ ಮನುಷ್ಯ ಎಂದು ಊರೂರಲ್ಲಿ ಮಾತಾಯಿತು. ಬಸ್ಸಿನೊಳಗೆ ಕುಳಿತವರು ಮಾತ್ರ ಹಾಗನ್ನಲಿಲ್ಲ. ಗೌಡರ ಸ್ನಾನ, ಪೂಜೆ, ನಾಷ್ಟಾ ಮುಗಿಯುವ ತನಕ ಬಸ್ಸು ಹೊರಡುವಂತಿರಲಿಲ್ಲ. ಹೊರಟ ಮೇಲೆ ಪ್ರತಿ ಹಳ್ಳಿಯಲ್ಲಿ ಹಾರ, ಆರತಿ, ಭಾಷಣ. ಬಸ್ಸಿನ ಹಿಂದೆ ಧೂಳು ಕುಡಿಯುತ್ತ ಅವರ ಜೀಪು ಖಾಲಿ ಬರುತ್ತಿತ್ತು, ನಡುದಾರಿಯಲ್ಲಿ ಸರಳತೆ ಸಾಕಾದರೆ ಇರಲಿ ಎಂದು.

ಆಗ ನಾನು ವಿಜಾಪುರದಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಕುರಿ ಕಾಯುವ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಗೋಳಗುಮ್ಮಟದ ಹತ್ತಿರ ಒಂದು ಬಾಡಿಗೆ ಖೋಲಿ, ಅವ್ವ ಬಸ್ಸಿನ ಮೇಲೆ ಕಳಿಸುವ ಕಟಿರೊಟ್ಟಿಯ ಗಂಟು, ಇದೇ ನನ್ನ ಸಂಸಾರ. ಪರೀಕ್ಷೆಯ ನಡುವೆ ಬಿಡುವಿತ್ತು, ರೊಟ್ಟಿ ತೀರಿತ್ತು, ಊರಿಗೆ ಬಂದಿದ್ದೆ. ಕೊನೆಯ ಪೇಪರಿನ ದಿನ ಮುಂಜಾನೆ ಗಂಟನ್ನು ಬಸ್ಸಿನ ಮೇಲೆ ಹಾಕಿಸಿ ಒಳಗೆ ಕುಳಿತೆ. ಪೇಪರು ತಪ್ಪಿದರೆ ಇನ್ನೊಂದು ವರ್ಷ ಓದಬೇಕು. ಓದಿಸಲು ಅಪ್ಪ ತಯಾರಿದ್ದ, ಆದರೆ ಮಾರಲು ಕುರಿ ಉಳಿದಿರಲಿಲ್ಲ.

ಅವತ್ತೇ ಗೌಡರು ಆ ಬಸ್ಸಿಗೆ ಬಂದರು.

ಟಿಕೋಟಾದ ಈಚೆಯ ಹಳ್ಳಿಯೊಂದರಲ್ಲಿ ಇಳಿದು ಕಟ್ಟೆ ಹತ್ತಿ, ಬಡವರ ಮಕ್ಕಳು ಕಲಿಯಬೇಕು ಎಂದು ಭಾಷಣಕ್ಕೆ ನಿಂತರು. ಬಿಸಿಲು ಏರುತ್ತಿತ್ತು, ಬಡವರ ಮಗ ಬಸ್ಸಿನಲ್ಲಿ ಬೆವರುತ್ತಿದ್ದ. ಕಂಡಕ್ಟರನನ್ನು ಕೇಳಿಕೊಂಡೆ. ಸೀಟಿ ಊದಿದರೆ ತನ್ನ ನೌಕರಿ ಹೋಗುತ್ತದೆ ಎಂದ. ಕೆಳಗಿಳಿದು ನೋಡಿದರೆ ಜೀಪು ಹೊರಟು ನಿಂತಿತ್ತು. ಗೌಡರ ಊಟದ ತಯಾರಿಗೆ ಹೇಳಲು ಡ್ರೈವರ್ ವಿಜಾಪುರಕ್ಕೆ ಮುಂದಾಗಿ ಹೋಗುವವನಿದ್ದ. ನನ್ನ ಮುಖ ನೋಡಿ ಅವನಿಗೇ ಕನಿಕರ ಬಂತು.

"ಹತ್ತೋ ತಮ್ಮಾ. ಹಿಂದ ಗೌಡ್ರ ಗಾದಿ, ತಂಬಗಿ ಅದಾವ, ಜಾಗಾ ಇಲ್ಲ. ಮುಂದ ಕೂಡು."

ಟಿಕೋಟಾದಲ್ಲಿ ಜೀಪು ಕಂಡದ್ದೇ ತಡ, ಹಲಗೆ ಬಾರಿಸಿದರು. ಒಳಗೆ ಯಾರಿದ್ದಾರೆಂದು ನೋಡುವ ಮೊದಲೇ ನನ್ನ ಕೊರಳಿಗೆ ಚೆಂಡುಹೂವಿನ ಹಾರ ಬಿತ್ತು. ಒಬ್ಬ ಮುದುಕಿ ಆರತಿ ಎತ್ತಿ, ತಮ್ಮ ಓಣಿಗೆ ಬಾವಿ ಬೇಕೆಂದು ಬೇಡಿಕೊಂಡಳು.

"ನಾ ಗೌಡ ಅಲ್ಲ ಆಯಿ," ಎಂದೆ.

"ಅಲ್ಲದಿದ್ರ ಏನಾತೋ ಯಪ್ಪಾ? ಜೀಪಿನ್ಯಾಗ ಕುಂತೀಯಲ್ಲ, ಆಗ್ತಿ ತಗೋ."

ರಾಜ್ಯಶಾಸ್ತ್ರದ ಪೇಪರಿಗೆ ಹೊರಟಿದ್ದೆ. ಆ ಮುದುಕಿ ಹೇಳಿದಷ್ಟು ಸ್ಪಷ್ಟವಾಗಿ ಯಾವ ಪುಸ್ತಕವೂ ಹೇಳಿರಲಿಲ್ಲ. ಕಾಲೇಜಿನ ಹೊರಗೆ ಕಟ್ಟಿದ್ದ ಎಮ್ಮೆಯ ಮುಂದೆ ಹಾರ ಎಸೆದು ಒಳಗೆ ಓಡಿದೆ. ಅದು ಭಾಷಣ ಮಾಡದೆ ತಿಂದಿತು. ಪೇಪರು ಬರೆದು ಸ್ಟ್ಯಾಂಡಿಗೆ ಹೋದಾಗ ಬಸ್ಸು ಆಗಷ್ಟೇ ಬಂದು ನಿಂತಿತ್ತು, ಮೇಲೆ ನನ್ನ ರೊಟ್ಟಿಯ ಗಂಟು.

ಪಾಸಾದೆ. ಸುದ್ದಿ ತಿಳಿದ ಗೌಡರು ಬಬಲೇಶ್ವರದ ಸಭೆಯಲ್ಲಿ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಹೆಗಲ ಮೇಲೆ ಕೈ ಹಾಕಿದರು.

"ಕುರಿ ಕಾಯವನ ಮಗನ್ನ ನನ್ನ ಜೀಪಿನ್ಯಾಗ ಕೂಡ್ಸಿ ಬಿ.ಎ. ಮಾಡ್ಸೇನಿ!"

ಜನ ಚಪ್ಪಾಳೆ ತಟ್ಟಿದರು. ಮುಂದೆ ನೆಲದ ಮೇಲೆ ಕುಳಿತಿದ್ದ ಅಪ್ಪ ತಟ್ಟಲಿಲ್ಲ. ಕಂಬಳಿ ಸರಿಮಾಡಿಕೊಂಡು ನನ್ನನ್ನೇ ನೋಡುತ್ತಿದ್ದ. ಎರಡು ಮಾತಾಡು ಎಂದು ಗೌಡರೇ ಮೈಕು ಕೊಟ್ಟರು.

"ಗೌಡ್ರು ಹೇಳಿದ್ದು ಖರೇ ಐತ್ರಿ," ಎಂದೆ. "ಅವತ್ತ ಅವರು ಜೀಪಿನ್ಯಾಗ ಇರಲಿಲ್ಲ, ಅದಕ್ಕ ನಾ ವ್ಯಾಳ್ಯಾಕ ಮುಟ್ಟೀನಿ. ಬಸ್ಸಿನ್ಯಾಗ ಇದ್ರು, ಬಸ್ಸು ಮುಟ್ಟಲಿಲ್ಲ. ಬಿ.ಎ. ಮಾಡ್ಸಿದ್ದು ನಮ್ಮಪ್ಪನ ಕುರಿ."

ಸಭೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಗೌಡರು. ಹುಡುಗ ಭಾಳ ಶಾಣ್ಯಾ, ನಮ್ಮ ಹುಡುಗ ಎಂದು ಅದನ್ನೂ ತಮ್ಮ ಖಾತೆಗೇ ಹಾಕಿಕೊಂಡರು. ಅಪ್ಪ ಮಾತ್ರ ಎದ್ದು ಕಂಬಳಿ ಝಾಡಿಸಿ, ಬಾ ಮನೆಗೆ ಹೋಗೋಣ ಎಂಬಂತೆ ಕೈಮಾಡಿದ.

ಗೌಡರು ಆರಿಸಿ ಬಂದರು, ಅದೇನು ಹೇಳುವ ಮಾತಲ್ಲ. ಆದರೆ ಆ ಸಭೆಯ ಮರುದಿನದಿಂದ ಅವರು ಜೀಪು ಬಿಟ್ಟು ಇಳಿಯಲಿಲ್ಲ, ಬಸ್ಸು ಹೊತ್ತಿಗೆ ಸರಿಯಾಗಿ ವಿಜಾಪುರ ಮುಟ್ಟತೊಡಗಿತು. ನನ್ನ ಡಿಗ್ರಿಯಿಂದ ನಮ್ಮ ಸೀಮೆಗೆ ಆದ ಮೊದಲ ಉಪಯೋಗ ಅದು.