ಅಂಗೈಯಲ್ಲಿ ಓಡಿದ ಪಂದ್ಯ

ದುಬೈ, ಬೆಳಿಗ್ಗೆ ಒಂಬತ್ತು. ಹೊರಗೆ ಬೆವರಿಳಿಸುವ ಸೆಕೆ, ಮಾಲ್‌ನ ಒಳಗೆ ಹಿಮದ ಇಳಿಜಾರು. ಬೂಟು ಕೊಡುವ ಕೌಂಟರಿನಲ್ಲಿ, ಆಟದ ಮಾಷ್ಟ್ರಾಗಿದ್ದ ನನ್ನ ಹಳೆಯ ವಿದ್ಯಾರ್ಥಿ, ಕಾರ್ಕಳದ ಸಂಜೀವ.

"ಮಾಷ್ಟ್ರೇ, ಸ್ಟಾಪ್‌ವಾಚ್ ಇನ್ನೂ ಕುತ್ತಿಗೆಯಲ್ಲೇ ಉಂಟಲ್ಲ! ಒಳ್ಳೆದಾಯ್ತು."

ಅವನು ತೋರಿಸಿದ ಕಡೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ನಿಂತಿದ್ದರು. ಹಿಮದ ಮೇಲೆ ಜಾರುವ ಸ್ಕೀ ಆಟಕ್ಕೆ ಇಲ್ಲಿನ ಕೋಚ್. ಒಂದು ಕಾಲದಲ್ಲಿ ಆಲ್ಪ್ಸ್ ಪರ್ವತಗಳ ಚಾಂಪಿಯನ್. ಕೊನೆಯ ಪಂದ್ಯದಲ್ಲಿ, ದಾರಿಗೆ ನೆಟ್ಟ ಕಂಬಗಳಲ್ಲಿ ಕೊನೆಯದರ ತಿರುವಿನಲ್ಲಿ ಬಿದ್ದು ಮೊಣಕಾಲು ಹೋಯಿತಂತೆ. ಸ್ಕೀ ಸ್ಪರ್ಧಿಗಳು ಇಳಿಯುವ ಮೊದಲು ಕಣ್ಣು ಮುಚ್ಚಿ, ಅಂಗೈ ಆಡಿಸುತ್ತ, ಇಡೀ ದಾರಿಯನ್ನು ಮನಸ್ಸಿನಲ್ಲೇ ಓಡುವುದು ರೂಢಿ. ಈಕೆ ದಿನವೂ ಬೆಳಿಗ್ಗೆ ಆ ಪಂದ್ಯವನ್ನೇ ಹಾಗೆ ಓಡುತ್ತಾರೆ.

"ಆ ಕಂಬ ಬಂದ ಕೂಡ್ಲೆ ಕೈ ನಿಲ್ತದೆ. ಅಲ್ಲಿಗೆ ಖಲಾಸ್. ಇವತ್ತು ನೀವೊಮ್ಮೆ ಟೈಮ್ ಹಿಡೀರಿ."

ಸಂಜೀವ ಇದನ್ನೇ ಇಂಗ್ಲಿಷಿನಲ್ಲಿ ಹೇಳಿದಾಗ ಆಕೆಯೂ ನಕ್ಕು ಒಪ್ಪಿದರು. ಗುಂಡಿ ಒತ್ತಿದೆ. ಅಂಗೈ ಎಡಕ್ಕೆ, ಬಲಕ್ಕೆ ಮೀನಿನಂತೆ ಹೊರಳಿತು. ಮೊಣಕಾಲು ತಾನಾಗಿ ಬಾಗಿತು. ನನಗೆ ಶಾಲೆಯ ಕೆಂಪು ಮೈದಾನ ಕಂಡಿತು, ಓಟ ಮುಗಿಯುವ ಸುಣ್ಣದ ಗೆರೆ ಹತ್ತಿರವಾದಂತೆ ನಿಧಾನಿಸುತ್ತಿದ್ದ ಹುಡುಗರು ಕಂಡರು. ಅಷ್ಟರಲ್ಲಿ ಅಂಗೈ ತಟ್ಟನೆ ನಿಂತಿತು.

"ನಿಲ್ಬೇಡ! ಗೆರೆ ದಾಟು!" ಮೂವತ್ತು ವರ್ಷ ಕೂಗಿದ್ದನ್ನೇ ಕನ್ನಡದಲ್ಲಿ ಕೂಗಿಬಿಟ್ಟೆ.

ಕೈ ಬೆಚ್ಚಿ ಮುಂದಕ್ಕೆ ಚಿಮ್ಮಿತು. ಕಂಬ ದಾಟಿತು. ಆಕೆ ಕಣ್ಣು ತೆರೆದು, ಏದುಸಿರು ಬಿಡುತ್ತ, "ಎಷ್ಟಾಯಿತು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ವಾಚು ನೋಡಿದೆ. ನಿಲ್ಲಿಸಲು ಮರೆತಿದ್ದೆ; ಮುಳ್ಳು ಓಡುತ್ತಲೇ ಇತ್ತು.

"ನಾವು ಹೀಗೆ ಮರೆತಿದ್ರೆ ಮೈದಾನಕ್ಕೆ ಐದು ಸುತ್ತು ಓಡಿಸ್ತಿದ್ರಿ, ಮಾಷ್ಟ್ರೇ," ಎಂದ ಸಂಜೀವ.