ಕೋಟೆ ಬಾಗಿಲಿನ ಜಾಮೀನು

ಕಂಪ್ಲಿಯಿಂದ ಸ್ವಲ್ಪ ಆಚೆ, ತುಂಗಭದ್ರೆಯ ದಂಡೆಗೆ ಒಂದು ಸಣ್ಣ ಕೋಟೆಯಿದೆ. ಹೊಳೆ ದಾಟಿ ಬರುವ ದಂಡನ್ನು ತಡೆಯಲು ಯಾವ ದೊರೆಯೋ ಕಟ್ಟಿಸಿದ್ದು. ಸೈನಿಕರು ಹೋಗಿ ಎಷ್ಟೋ ಕಾಲವಾದ ಮೇಲೆ ಸನ್ಯಾಸಿಗಳು ಬಂದು ಅದನ್ನೇ ಮಠ ಮಾಡಿಕೊಂಡರು. ಮದ್ದಿನ ಮನೆಯಲ್ಲಿ ಈಗ ಅಡುಗೆ ಬೇಯುತ್ತದೆ, ಗುಂಡು ಹಾರಿಸುವ ಕಿಂಡಿಗಳಲ್ಲಿ ಹಣತೆ ಉರಿಯುತ್ತದೆ.

ಅಮ್ಮ ಹುಡುಗಿಯಾಗಿದ್ದಾಗ ದ್ವಾದಶಿಯ ಊಟಕ್ಕೆ ತಪ್ಪದೆ ಅಲ್ಲಿಗೆ ಹೋಗುತ್ತಿದ್ದಳಂತೆ. ನನಗೆ ಮಠಗಳೆಂದರೆ ಅಷ್ಟಕ್ಕಷ್ಟೆ. ಟಿ.ಬಿ. ಡ್ಯಾಮಿನ ಕಾಲುವೆ ಕಚೇರಿಯಲ್ಲಿ ವಾರವಿಡೀ ಗುದ್ದಾಡುವವಳಿಗೆ ರಜೆಯ ದಿನ ನಿದ್ದೆಯೇ ದೇವರು. ಆದರೂ ಹೋದ ದ್ವಾದಶಿಗೆ ಅಮ್ಮನನ್ನು ಕರೆದುಕೊಂಡು ಹೊರಟೆ. ಯಾಕೆಂದರೆ ಅಮ್ಮ ನನ್ನನ್ನು ಮರೆತಿದ್ದಳು. ಬೆಳಗ್ಗೆ ಚಹಾ ಕೊಟ್ಟರೆ, "ನೀವ್ ಯಾರ ಪೈಕಿರಿ?" ಎಂದು ಕೇಳುತ್ತಿದ್ದಳು. ಹೆತ್ತವಳ ಬಾಯಲ್ಲಿ ಆ 'ರಿ' ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತಿತ್ತು, ಆಮೇಲೆ ಅಳು ಬರುತ್ತಿತ್ತು. ಕೋಟೆಯನ್ನು ಕಂಡರೆ ಏನಾದರೂ ನೆನಪಾಗಿ, ಆ ಎಳೆ ಹಿಡಿದು ನನ್ನವರೆಗೂ ಬಂದಾಳು ಎಂಬ ಆಸೆ.

ಹೊಸಪೇಟೆಯಲ್ಲಿ ಬೆಳೆದ ನಮಗೆ ಹಂಪಿಯ ಕಲ್ಲು ನೋಡಿ ನೋಡಿ ಕಣ್ಣು ಜಡ್ಡುಗಟ್ಟಿರುತ್ತದೆ. ಆದರೂ ಕೋಟೆಯ ಹೆಬ್ಬಾಗಿಲ ಕೆಳಗೆ ಬಂದಾಗ ಕತ್ತೆತ್ತಿ ನೋಡುತ್ತ ನಿಂತುಬಿಟ್ಟೆ. ತಲೆಯ ಮೇಲೆ ಅಷ್ಟು ಭಾರದ ಕಲ್ಲು, ಅದರ ಕೆಳಗೆ ಅಷ್ಟು ತಂಪು. ಕದದ ತುಂಬ ಆನೆಗಳನ್ನು ತಡೆಯಲು ಹೊಡೆದ ಚೂಪು ಮೊಳೆಗಳು.

ಅಷ್ಟರಲ್ಲಿ ಒಳಗಿನಿಂದ ಗುಡುಗಿದಂತೆ ಕೂಗು ಬಂತು: "ನಿಲ್ರಿ! ಯಾರವರು?"

ಹೌಹಾರಿದೆ. ನೋಡಿದರೆ ಕಾವಿ ಉಟ್ಟ ವಯಸ್ಸಾದ ಸನ್ಯಾಸಿ. "ಆಧಾರ್ ಕಾರ್ಡ್ ತೋರಿಸ್ಬೇಕೇನ್ರಿ?" ಎಂದೆ ಕೊಂಕಾಗಿ.

ಅವರು ನಕ್ಕರು. "ಬ್ಯಾಡ್ರಿ. ಹಿಂದ ಕಾವಲಿನವ್ರು ಹಿಂಗ ಕೇಳ್ತಿದ್ರು, ವೈರಿ ಒಳಗ ಬರಬಾರ್ದಂತ. ನಾವೂ ಹಂಗ ಕೇಳ್ತೀವಿ, ಹಸಿದವ್ರು ಹೊರಗ ಉಳೀಬಾರ್ದಂತ. 'ನಮ್ಮವರು' ಅಂದ್ರ ಸಾಕು. ಆದ್ರ ಹಿರೇರು ಹೇಳ್ಬೇಕು. ಅವ್ರ ಬೆನ್ನ ಹಿಂದ ಬಂದವ್ರಿಗೂ ಅವ್ರದ ಜಾಮೀನು."

ಕೊಲ್ಲುವ ಮುಂಚೆ ಕೇಳುತ್ತಿದ್ದ ಪ್ರಶ್ನೆಯನ್ನು ಉಣಿಸುವ ಮುಂಚೆ ಕೇಳಲು ಉಳಿಸಿಕೊಂಡಿದ್ದಾರಲ್ಲ! ಎಷ್ಟು ಜನ ಇದೇ ಕಲ್ಲಿನ ಮೇಲೆ ನಿಂತು, ಎದೆ ಹೊಡೆದುಕೊಳ್ಳುತ್ತ ಉತ್ತರ ಕೊಟ್ಟಿದ್ದಾರೋ. ನನ್ನ ಎದೆಯೂ ಹೊಡೆದುಕೊಳ್ಳುತ್ತಿತ್ತು. ನನಗೆ ಜಾಮೀನು ನಿಲ್ಲಬೇಕಾದವಳಿಗೆ ನಾನು ಯಾರೆಂದೇ ಗೊತ್ತಿಲ್ಲ.

ಅಮ್ಮ ಸೆರಗು ಸರಿಮಾಡಿಕೊಂಡು ಗಟ್ಟಿಯಾಗಿ ಹೇಳಿದಳು, "ನಮ್ಮವರು!"

"ಹಿಂದ ಬಂದಾಕಿ?"

ಅಮ್ಮ ತಿರುಗಿ ನನ್ನ ಮುಖವನ್ನೇ ನೋಡಿದಳು. ಹುಬ್ಬು ಗಂಟಿಕ್ಕಿ, ಸೋತು, ಮತ್ತೆ ನೋಡಿದಳು.

"ಗುರುತು ಹತ್ತವಲ್ದು," ಎಂದಳು ಸನ್ಯಾಸಿಗೆ. ಆಮೇಲೆ ನನ್ನ ಕೈಹಿಡಿದು ಹೊಸ್ತಿಲ ಒಳಗೆ ಎಳೆದುಕೊಂಡಳು. "ಆದ್ರ ನಮ್ಮಾಕಿ. ಬಾ ಲೇ, ಹಸಿದಿರ್ತಿ."