ಹಿಂದಿನ ಕೋಣೆಯ ಚಾಪೆ

ಆಗ ಜಯನಗರದ ನಮ್ಮ ರಸ್ತೆ ಮುಗಿದರೆ ಬನಶಂಕರಿಯ ಕಡೆಗೆ ಬರೀ ರಾಗಿ ಹೊಲ. ನನಗೆ ಮೂವತ್ತೊಂದು ವರ್ಷ. ಮಕ್ಕಳಿರಲಿಲ್ಲ, ಮೈ ಮಾತ್ರ ಬೇಕಾದಷ್ಟಿತ್ತು. ಗರ್ಭಕೋಶದಲ್ಲಿ ಗೆಡ್ಡೆಯಿದೆ, ಅದನ್ನು ತೆಗೆದರೆ ಮಗುವಿಗೆ ಚಾನ್ಸ್ ಉಂಟು ಎಂದು ಡಾಕ್ಟರಮ್ಮ ಹೇಳಿದ್ದರು. ಆ ಒಂದು ಮಾತು ಹಿಡಿದುಕೊಂಡೇ ಆಪರೇಷನ್ ಟೇಬಲ್ ಹತ್ತಿದೆ.

ಹತ್ತು ದಿನಕ್ಕೆ ಮನೆಗೆ ಬರಬೇಕಾದವಳು ಐದು ವಾರ ಆಸ್ಪತ್ರೆಯಲ್ಲೇ ಉಳಿದೆ. ಹೊಟ್ಟೆಯ ಮಡಿಕೆ ಗಾಯದ ಮೇಲೆ ಕವುಚಿಕೊಂಡು ಅಲ್ಲಿ ಸದಾ ಬೆವರು. ಹೊಲಿಗೆ ಎರಡು ಕಡೆ ಬಿಚ್ಚಿಕೊಂಡು ಕೀವಾಯಿತು. ನರ್ಸ್ ದಿನಾ ಮಡಿಕೆಯನ್ನು ಎತ್ತಿ ಹಿಡಿದು ಒರೆಸಿ ಡ್ರೆಸಿಂಗ್ ಮಾಡುವಳು.

"ಫ್ಯಾಟ್ ಜಾಸ್ತಿ ಇದ್ರೆ ನಿಧಾನವಾಗೇ ಮಾಯೋದು. ಮಲಗ್ಬೇಡಿ, ಎದ್ದು ಓಡಾಡಿ," ಎನ್ನುತ್ತಿದ್ದರು ಡಾಕ್ಟರಮ್ಮ.

ನನ್ನನ್ನು ನೋಡಲು ಬಂದವರಿಗೆಲ್ಲ ಅತ್ತೆ ಹೇಳುವರು: "ಊರೋರಿಗೆಲ್ಲ ಸೂಜಿ ಸಾಕು ಕಣ್ರೀ, ನಮ್ಮನೆಯವಳಿಗೆ ಗೋಣಿಚೀಲ ಹೊಲಿಯೋ ದಬ್ಬಣಾನೇ ಬೇಕು!"

ಹೊಲಿಗೆ ಅದುಮಿ ಹಿಡಿದುಕೊಂಡು ನಾನೂ ನಗುತ್ತಿದ್ದೆ. ನಾನು ಓದಿದ ಕಾನ್ವೆಂಟಿನಲ್ಲಿ ಪೇಷನ್ಸ್, ಪೇಷನ್ಸ್ ಎಂದು ಅಷ್ಟು ಕಲಿಸಿದ್ದರಲ್ಲ.

ಮನೆಗೆ ಬಂದು ಎರಡು ತಿಂಗಳಾದರೂ ಮುಟ್ಟಾಗಲಿಲ್ಲ. ವೀಕ್‌ನೆಸ್ ಇರಬೇಕು ಅಂದುಕೊಂಡೆ. ಒಂದು ಬೆಳಿಗ್ಗೆ ಸೊಂಟ ನೋಯತೊಡಗಿದಾಗ ಎಷ್ಟು ಖುಷಿಯಾಯಿತೆಂದರೆ, ತಕ್ಷಣ ಹಿಂದಿನ ಕೋಣೆಗೆ ಹೋದೆ. ನಮ್ಮ ಮನೆಯಲ್ಲಿ ಆ ಮೂರು ದಿನ ಹೆಂಗಸರು ದೂರ ಕೂರಬೇಕು. ಅದಕ್ಕೆಂದೇ ನನ್ನದೊಂದು ಚಾಪೆ, ತಟ್ಟೆ, ಲೋಟ. ಮೂರೂ ಇರಲಿಲ್ಲ.

"ಅತ್ತೆ, ನನ್ನ ಚಾಪೆ ಎಲ್ಲಿ?"

"ಕೆಲಸದವಳಿಗೆ ಕೊಟ್ಬಿಟ್ಟೆ ಕಣೆ, ನೀನು ಆಸ್ಪತ್ರೇಲಿದ್ದಾಗ್ಲೇ. ಇನ್ನು ನಿನಗ್ಯಾಕೆ..." ಎಂದವರು ಸರಕ್ಕನೆ ಬಾಯಿ ಮುಚ್ಚಿಕೊಂಡರು.

ಸಂಜೆ ನಮ್ಮವರು ಆಫೀಸಿನಿಂದ ಬಂದು ಶೂ ಬಿಚ್ಚುವ ಮೊದಲೇ ಕೇಳಿದೆ.

"ರಕ್ತ ನಿಲ್ಲಲಿಲ್ಲ. ಗರ್ಭಕೋಶಾನೇ ತೆಗೀಬೇಕಾಯ್ತು. ನಾನೇ ಸೈನ್ ಮಾಡ್ದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಗಾಯ ಮಾಯ್ಲಿ ಅಂತ ಕಾದೆ. ನಿಂದು ಮಾಯೋದೇ ಲೇಟಾಯ್ತಲ್ಲ."

ಜೀವ ಉಳಿಸಲು ಸಹಿ ಹಾಕಿದ್ದನ್ನು ಅಂದೇ ಕ್ಷಮಿಸಿದೆ. ಆದರೆ ಆ ಮೌನಕ್ಕೂ ನನ್ನ ಮೈಯನ್ನೇ ನೆಪ ಮಾಡಿದರಲ್ಲ! ನನ್ನ ಹೊಟ್ಟೆಯ ದಪ್ಪವನ್ನು ಅತ್ತೆ ಬಂದವರ ಮುಂದೆಲ್ಲ ಆಡಿಕೊಂಡರು. ಅದರೊಳಗೆ ಏನಿಲ್ಲವೆಂಬುದು ಮನೆಗೆಲಸದವಳಿಗೂ ಗೊತ್ತಿತ್ತು, ನನಗಿರಲಿಲ್ಲ.

ಮರುದಿನ ಗಾಂಧಿ ಬಜಾರಿಗೆ ಹೋಗಿ ಹೊಸ ಚಾಪೆ ತಂದು ಹಿಂದಿನ ಕೋಣೆಯಲ್ಲಿ ಹಾಸಿ ಕುಳಿತೆ. ಅತ್ತೆ ಬಾಗಿಲ ತನಕ ಬಂದು ನೋಡಿದರು. ಮೂರು ದಿನವೂ ಅವರೇ ಅಡಿಗೆ ಮಾಡಿ, ತಟ್ಟೆಯನ್ನು ದೂರದಿಂದ ನೂಕಿದರು. ಮುಂದಿನ ತಿಂಗಳೂ ಕುಳಿತೆ.